ಫಾರ್ಮ್ ತಪಾಸಣೆ: ಬ್ರೌಸರಿನಲ್ಲೋ, ಸರ್ವರಿನಲ್ಲೋ?

ಮಡಿಕೇರಿಯ ಹೋಂಸ್ಟೇಯೊಂದಕ್ಕೆ ಬುಕಿಂಗ್ ಫಾರ್ಮ್ ಬರೆಯುವವರು, ಅತಿಥಿ ತುಂಬಿದ ಮೌಲ್ಯ ಸರಿಯಿದೆಯೇ ಎಂಬುದನ್ನು ಅತಿಥಿಯ ಬ್ರೌಸರಿನಲ್ಲಿ ಪರೀಕ್ಷಿಸಬೇಕೋ, ಫಾರ್ಮನ್ನು ಸ್ವೀಕರಿಸುವ ಕಂಪ್ಯೂಟರಾದ ಸರ್ವರಿನಲ್ಲೋ ಎಂದು ಮೊದಲು ನಿರ್ಧರಿಸಬೇಕಾಗುತ್ತದೆ. ಬ್ರೌಸರಿನ ತಪಾಸಣೆ ಚುರುಕಾದದ್ದು: ಎಚ್‌ಟಿಎಂಎಲ್‌ನ ರಿಕ್ವೈರ್ಡ್ (ತುಂಬಲೇಬೇಕು), ಮಿನ್ (ಕನಿಷ್ಠ ಮೌಲ್ಯ), ಪ್ಯಾಟರ್ನ್ (ಬರಹದ ಮಾದರಿ) ಎಂಬ ಆಟ್ರಿಬ್ಯೂಟ್‌ಗಳನ್ನು, ಅಂದರೆ ನಿಯಮ ಸೂಚಿಸುವ ಗುರುತುಗಳನ್ನು, ಬರೆದಿದ್ದರೆ, ಮಳೆಗಾಲದಲ್ಲಿ ನೆಟ್‌ವರ್ಕ್ ಕೈಕೊಟ್ಟಾಗಲೂ 571201 ಎಂಬ ಪಿನ್‌ಕೋಡಿನಲ್ಲಿ ಒಂದಂಕಿ ಬಿಟ್ಟುಹೋದದ್ದು ಅಲ್ಲಿಯೇ ತಿಳಿಯುತ್ತದೆ. ಆದರೆ ಬ್ರೌಸರಿನಲ್ಲೇ ಇರುವ, ಪುಟವನ್ನು ತಿದ್ದಬಲ್ಲ ಡೆವಲಪರ್ ಟೂಲ್ಸ್ ತೆರೆದು ಆ ಆಟ್ರಿಬ್ಯೂಟನ್ನು ಅಳಿಸಿದರೆ, ಅಥವಾ ಕರ್ಲ್ ಎಂಬ ಸಾಧನ ಬಳಸಿ ಬ್ರೌಸರಿಲ್ಲದೆ ನೇರವಾಗಿ ವಿನಂತಿ ಕಳುಹಿಸಿದರೆ, ಕೋಣೆಗಳ ಸಂಖ್ಯೆ ಮೈನಸ್ 2 ಎಂದೂ ಬಂದೀತು. ಸರ್ವರಿನ ತಪಾಸಣೆಯನ್ನು ಹಾಗೆ ದಾಟಲಾಗದು. ಮೇಲಾಗಿ, ಆ ದಿನ ಕೋಣೆ ಖಾಲಿಯಿದೆಯೇ ಎಂಬುದನ್ನು ಡೇಟಾಬೇಸನ್ನು ಕೇಳಿಯೇ ತಿಳಿಯಬೇಕು.

ಎರಡೂ ಕಡೆ, ಬರಹದ ಮಾದರಿಯನ್ನು ಸೂಚಿಸುವ ಒಂದೇ ರೆಗ್ಯುಲರ್ ಎಕ್ಸ್‌ಪ್ರೆಶನ್ ನಕಲಿಸಿದರಾಯಿತು ಎನ್ನುವವರು ಕನ್ನಡ ಅಂಕಿಗಳನ್ನು ಮರೆತಿರುತ್ತಾರೆ. ‘೫೭೧೨೦೧’ ಎಂದು ಟೈಪಿಸಿದರೆ, ಅಂಕಿಯನ್ನು ಸೂಚಿಸುವ ಬ್ಯಾಕ್‌ಸ್ಲ್ಯಾಶ್ ಡಿ ಎಂಬ ಗುರುತು ಬ್ರೌಸರಿನ ಭಾಷೆಯಾದ ಜಾವಾಸ್ಕ್ರಿಪ್ಟಿನಲ್ಲಿ ಅದನ್ನು ಒಪ್ಪುವುದಿಲ್ಲ, ಸರ್ವರಿನಲ್ಲಿ ಬಳಸಬಹುದಾದ ಪೈಥಾನ್ 3 ಭಾಷೆಯಲ್ಲಿ ಒಪ್ಪುತ್ತದೆ. ನಮ್ಮ ಅಂಕಿಯನ್ನೇ ತಪ್ಪೆನ್ನುವ ಫಾರ್ಮ್ ನನಗಂತೂ ಹಿಡಿಸದು. ಪ್ಯಾಟರ್ನಿನಲ್ಲಿ ೦ಯಿಂದ ೯ರವರೆಗಿನ ಅಂಕಿಗಳನ್ನೂ ಸೇರಿಸಿ, ಸರ್ವರಿನಲ್ಲಿ ಅವನ್ನು 0ಯಿಂದ 9ರ ಅಂಕಿಗಳಾಗಿ ಪರಿವರ್ತಿಸಿಕೊಂಡರೆ ಮುಗಿಯಿತು.

ಒಂದಕ್ಕೆ ಮಾತ್ರ ಸಮಯವಿದ್ದರೆ ಸರ್ವರಿನದನ್ನೇ ಬರೆಯಿರಿ. ಬ್ರೌಸರಿನದು ಅತಿಥಿಯ ಅನುಕೂಲಕ್ಕಾಗಿ ಇರುವುದರಿಂದ ಅದನ್ನು ಆಮೇಲೆ ಸೇರಿಸಬಹುದು.