ಬಾಯಿಮಾತಿನ ದೂರು ಕೊಟ್ಟು ಕೆಟ್ಟೆ: ಬಿಲ್ಲಿಂಗ್ ಸಾಫ್ಟ್‌ವೇರ್ ಇಟ್ಟುಕೊಂಡವರು ಓದಿ

ಮಂಡ್ಯದಲ್ಲಿ ಪೈಪು ಮತ್ತು ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡಿರುವ ನಾನು, ಬಿಲ್ಲಿಂಗ್ ಸಾಫ್ಟ್‌ವೇರ್ ಮಾರಿದವರ ಮುಂದೆ ನಾಲ್ಕು ತಿಂಗಳು ಹೇಗೆ ಮೂರ್ಖನಾದೆ ಎಂಬುದನ್ನು ಬರೆಯಲು ನಾಚಿಕೆಯಾಗುತ್ತದೆ. ಬರೆಯದಿದ್ದರೆ ಹೊಟ್ಟೆಯುರಿ ಆರುವುದಿಲ್ಲ.

ಸಂಜೆ ಆರು ಗಂಟೆಯಾಯಿತೆಂದರೆ ಒಂದು ಬಿಲ್ಲು ಉಳಿಸಲು ಮುಕ್ಕಾಲು ನಿಮಿಷ ಹಿಡಿಯುತ್ತಿತ್ತು. ರೈತರು ಸಾಲುಗಟ್ಟಿ ನಿಲ್ಲುವುದೂ ಅದೇ ಹೊತ್ತಿಗೆ. 'ಚೀಟೀಲೇ ಬರ್ಕೊಡಿ ಅಣ್ಣ, ಬಸ್ಸು ಹೋಯ್ತದೆ' ಎಂದು ಒಬ್ಬರು ಅಂದದ್ದು ಇಂದಿಗೂ ಕಿವಿಯಲ್ಲಿದೆ. ಕಂಪನಿಗೆ ಕಡಿಮೆಯೆಂದರೂ ಹದಿನೈದು ಸಲ ಫೋನ್ ಮಾಡಿದ್ದೇನೆ. ಎಲ್ಲವೂ ಫೋನಿನಲ್ಲೇ, ಒಂದೇ ಒಂದು ಸಾಲೂ ಬರಹದಲ್ಲಿಲ್ಲ.

ಮೊದಲು 'ನಿಮ್ಮ ಇಂಟರ್‌ನೆಟ್ ನಿಧಾನ ಸರ್' ಎಂದರು. ನಮ್ಮ ಬಿಲ್ಲಿಂಗ್‌ಗೆ ಇಂಟರ್‌ನೆಟ್ಟೇ ಬೇಕಿಲ್ಲ. ಆಮೇಲೆ ವೈರಸ್ ಎಂದರು. ಕೊನೆಗೆ ರ‍್ಯಾಮ್ (ಕಂಪ್ಯೂಟರಿನ ಮೆಮೊರಿ) ಸಾಲದೆಂದು ಹೇಳಿ 4,200 ರೂಪಾಯಿಗೆ ಅವರೇ ತಂದು ಹಾಕಿದರು. ಸಂಜೆ ಮತ್ತೆ ಅದೇ ಗೋಳು.

ನಿಜವಾಗಿ ಮೋಸಹೋದದ್ದು ಅವರ ಹುಡುಗ ಬೆಳಿಗ್ಗೆ ಹನ್ನೊಂದಕ್ಕೆ ಅಂಗಡಿಗೆ ಬಂದ ದಿನ. ಗಿರಾಕಿಗಳಿಲ್ಲದ ಆ ಹೊತ್ತಿನಲ್ಲಿ ಅವನು ಒಂದು ಬಿಲ್ಲು ಹೊಡೆದ, ಕಣ್ಣು ಮಿಟುಕಿಸುವಷ್ಟರಲ್ಲಿ ಮುದ್ರಣವಾಯಿತು. 'ಚೆನ್ನಾಗೇ ಇದೆಯಲ್ಲ ಸರ್?' ಎಂದು ನಕ್ಕು ಒಂದು ಹಾಳೆ ಮುಂದಿಟ್ಟ. 'ಪರೀಕ್ಷಿಸಲಾಗಿದೆ, ಯಾವುದೇ ದೋಷ ಕಂಡುಬಂದಿಲ್ಲ' ಎಂದು ಅದರಲ್ಲಿತ್ತು. ಸಹಿ ಹಾಕಿದೆ! ನಾಲ್ಕು ತಿಂಗಳ ಗೋಳಿಗೆ ಉಳಿದ ಏಕೈಕ ದಾಖಲೆ ಅವರದು, ಅದರ ಕೆಳಗಿನ ಸಹಿ ಮಾತ್ರ ನನ್ನದು.

ರಜೆಗೆ ಬಂದ ಅಕ್ಕನ ಮಗ, 'ಮಾವ, ನಿಧಾನ ಅಂದ್ರೆ ಯಾರು ನಂಬ್ತಾರೆ, ಎಷ್ಟು ನಿಧಾನ ಅಂತ ತೋರ್ಸಿ' ಎಂದು ಸಂಜೆ ನನ್ನ ಪಕ್ಕ ಕುಳಿತ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಕಂಪ್ಯೂಟರಿನ ಮೇಲೆ ಯಾವ ಕೆಲಸದ ಹೊರೆ ಎಷ್ಟಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು, ಪರದೆಯ ಮೂಲೆಯ ಗಡಿಯಾರವೂ ಕಾಣುವಂತೆ ಮೊಬೈಲಿನಲ್ಲಿ ವಿಡಿಯೊ ಮಾಡಿದ. ಮೆಮೊರಿ ಅರ್ಧಕ್ಕರ್ಧ ಖಾಲಿ, ಕಡತಗಳನ್ನು ಉಳಿಸುವ ಡಿಸ್ಕ್ ಮಾತ್ರ 100 ಪ್ರತಿಶತ ಕೆಲಸದಲ್ಲಿ ಮುಳುಗಿತ್ತು, ಪಟ್ಟಿಯ ಮೇಲ್ತುದಿಯಲ್ಲಿ ಅದೇ ಸಾಫ್ಟ್‌ವೇರಿನ ಬ್ಯಾಕಪ್, ಅಂದರೆ ಲೆಕ್ಕದ ನಕಲು ತೆಗೆದಿಡುವ ಕೆಲಸ. ಅಳವಡಿಸುವಾಗ ಅವರೇ ಅದಕ್ಕೆ ನಿತ್ಯ ಸಂಜೆ ಆರರ ಸಮಯ ಕೊಟ್ಟಿದ್ದರು. ನಾನು 4,200 ಕೊಟ್ಟು ಕೊಂಡದ್ದು ಖಾಲಿ ಇದ್ದ ಮೆಮೊರಿಗೆ ಇನ್ನಷ್ಟು ಖಾಲಿ ಮೆಮೊರಿ.

ಮೂರು ಸಂಜೆಗಳ ವಿಡಿಯೊ, ಬಿಲ್ ನಂಬರ್, ಸೆಕೆಂಡುಗಳ ಲೆಕ್ಕ ಇಮೇಲಿನಲ್ಲಿ ಹೋದ ಮರುದಿನವೇ ಬ್ಯಾಕಪ್ಪನ್ನು ರಾತ್ರಿ ಹತ್ತಕ್ಕೆ ಬದಲಿಸಿದರು. ಐದು ನಿಮಿಷದ ಕೆಲಸ. ಮೇಲಿಂದ, 'ಇದನ್ನು ಮೊದಲೇ ಕಳಿಸಬಾರದಿತ್ತೇ ಸರ್?' ಎಂಬ ಮಾತು ಬೇರೆ! ರ‍್ಯಾಮಿನ ಹಣ ಕೇಳಿದರೆ, ನಾನು ಸಹಿ ಹಾಕಿದ ಅದೇ ಹಾಳೆಯ ಫೋಟೊ ಕಳುಹಿಸಿದರು.

ಆದ್ದರಿಂದ ಫೋನಿನಲ್ಲಿ ಗೋಗರೆಯಬೇಡಿ. ದಿನಾಂಕ, ಗಂಟೆ, ಎಷ್ಟು ಸೆಕೆಂಡು ಎಂಬುದನ್ನು ಬರೆದು, ವಿಡಿಯೊ ಸಮೇತ ಇಮೇಲ್ ಮಾಡಿ. ತೊಂದರೆ ಬರುವ ಹೊತ್ತಿಗೇ ಅವರನ್ನು ಕರೆಸಿ. ಓದದೆ ಸಹಿ ಹಾಕಬೇಡಿ. ಓದಿಯೂ ಹಾಕಿದವನು ನಾನು, ಅದು ಬೇರೆ ಮಾತು.

ಮೊನ್ನೆ ಅದೇ ಹುಡುಗ ವಾರ್ಷಿಕ ನಿರ್ವಹಣೆಯ ಹಣಕ್ಕೆ ಫೋನ್ ಮಾಡಿದ್ದ. ಏನೇನು ಕೆಲಸ ಮಾಡಿಕೊಡುತ್ತೀರೆಂದು ಬರೆದು ಕಳುಹಿಸಿ ಎಂದೆ. ಇನ್ನೂ ಬಂದಿಲ್ಲ.