ಅತ್ತೆ-ಮಾವನ ಜೊತೆ ಆರ್‌ವಿಯಲ್ಲಿ ಐದು ದಿನ: ಸ್ಯಾನ್ ಸಿಮಿಯನ್, ಮೊರೊ ಬೇ

ಮಾವನಿಗೆ ಸಕ್ಕರೆ ಕಾಯಿಲೆ. ಗಂಟೆಗೊಮ್ಮೆಯಾದರೂ ಬಾತ್‌ರೂಮ್ ಬೇಕು. ಕಾರಿನಲ್ಲಿ ಕರೆದುಕೊಂಡು ಹೋದಾಗಲೆಲ್ಲ ಕೇಳೋಕೆ ಸಂಕೋಚಪಟ್ಟು, ನೀರು ಕುಡಿಯೋದನ್ನೇ ಬಿಟ್ಟುಬಿಡುತ್ತಿದ್ದರು. ಅದನ್ನು ನೋಡೋಕಾಗದೆ 2024ರ ಏಪ್ರಿಲ್ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಿಂದ ಹೊರಟಾಗ 25 ಅಡಿಯ ಆರ್‌ವಿ ಬಾಡಿಗೆಗೆ ತಗೊಂಡೆವು. ಆರ್‌ವಿ ಅಂದರೆ ಹಾಸಿಗೆ, ಅಡುಗೆ ಮನೆ, ಬಾತ್‌ರೂಮ್ ಎಲ್ಲ ಒಳಗೇ ಇರುವ ಗಾಡಿ; ನಮ್ಮದು ಡ್ರೈವರ್ ತಲೆ ಮೇಲೂ ಮಲಗೋ ಜಾಗವಿರುವ 'ಕ್ಲಾಸ್ ಸಿ'. ಊರಿಂದ ಅಪ್ಪ-ಅಮ್ಮ ಬರುತ್ತಾರೆ, ಸಮುದ್ರ ತೋರಿಸಬೇಕು ಅಂತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಓಡಿಸೋಕೆ ಬೇರೆ ಲೈಸೆನ್ಸ್ ಬೇಡ. ಕ್ಯಾಲಿಫೋರ್ನಿಯಾದಲ್ಲಿ 40 ಅಡಿವರೆಗಿನ ಆರ್‌ವಿಗೆ ಮಾಮೂಲಿ ಕಾರಿನ ಲೈಸೆನ್ಸೇ ಸಾಕು. ನಮ್ಮವರು ಮೊದಲ ಅರ್ಧ ಗಂಟೆ ಬೆವರಿದರು, ಆಮೇಲೆ ಹೊಂದಿಕೊಂಡರು. ಆ ವಸಂತದಲ್ಲಿ ಬಿಗ್ ಸರ್ ಕಡೆ ಗುಡ್ಡ ಕುಸಿದು ಸಮುದ್ರದ ಪಕ್ಕದ 1ನೇ ಹೆದ್ದಾರಿ ನಡುವೆ ಮುಚ್ಚಿತ್ತು. ಹಾಗಾಗಿ 101ನೇ ಹೆದ್ದಾರಿಯಲ್ಲಿ ಪಾಸೊ ರೋಬಲ್ಸ್‌ವರೆಗೆ ಹೋಗಿ, 46ರಲ್ಲಿ ಪಶ್ಚಿಮಕ್ಕೆ ತಿರುಗಿ ಕೇಂಬ್ರಿಯಾ ಹತ್ರ ಸಮುದ್ರ ಸೇರಿದೆವು. ಹಸಿರು ಗುಡ್ಡದ ನೆತ್ತಿಯಿಂದ ದೂರದಲ್ಲಿ ನೀರು ಕಂಡಾಗ ಮಾವ ಎದ್ದು ನಿಲ್ಲೋಕೆ ಹೋದರು. ಗಾಡಿ ಓಡುವಾಗ ಹಿಂದೆ ಕೂತವರೂ ಬೆಲ್ಟ್ ಹಾಕಿಕೊಂಡೇ ಇರಬೇಕು. ಇದನ್ನು ಹಿರಿಯರಿಗೆ ಮೊದಲೇ ಹೇಳಿಡಿ. ಬಾತ್‌ರೂಮ್ ಗಾಡಿಯಲ್ಲೇ ಇದ್ದರೂ ಹೋಗೋಕೆ ಪಕ್ಕಕ್ಕೆ ನಿಲ್ಲಿಸಲೇಬೇಕು. ಆದರೆ ಎಲ್ಲಿದೆ ಅಂತ ಹುಡುಕುವ ಕೆಲಸವಿಲ್ಲ, ಮೆಟ್ಟಿಲಿಲ್ಲ, ಸಾಲಿಲ್ಲ. ಎರಡನೇ ದಿನದಿಂದ ಮಾವ ಬಾಟಲಿ ಪಕ್ಕದಲ್ಲಿಟ್ಟುಕೊಂಡು ನಿಶ್ಚಿಂತೆಯಿಂದ ನೀರು ಕುಡಿದರು. ನನಗೆ ಅಷ್ಟೇ ಬೇಕಾಗಿತ್ತು.

ಮಲಗೋಕೆ ಹಿಂದಿನ ಹಾಸಿಗೆ ಅತ್ತೆ-ಮಾವನಿಗೆ, ಡ್ರೈವರ್ ತಲೆ ಮೇಲಿನ ಅಟ್ಟ ಮಕ್ಕಳಿಗೆ, ಊಟದ ಮೇಜನ್ನು ಇಳಿಸಿ ಮಾಡುವ ಹಾಸಿಗೆ ನಮಗೆ. ಆ ಮೇಜಿನ ಹಾಸಿಗೆ ಗಿಡ್ಡ, ಕಾಲು ಮಡಚಿಯೇ ಮಲಗಬೇಕು.

ಅಡುಗೆ ಮನೆ ಚಿಕ್ಕದು, ಆದರೆ ಕೆಲಸಕ್ಕೆ ಬರುತ್ತೆ. ಗ್ಯಾಸ್ ಒಲೆ, ಫ್ರಿಜ್, ಒಂದು ಸಿಂಕ್. ಅತ್ತೆ ಹೊರಗಿನ ಊಟ ಮುಟ್ಟುವವರಲ್ಲ. "ಇದು ಅಡುಗೆ ಮನೆಗೇ ಚಕ್ರ ಕಟ್ಟಿದಂಗಿದೆ ಕಣಮ್ಮ" ಅಂದು ಮೊದಲ ಸಂಜೆಯೇ ಅಕ್ಕಿ ರೊಟ್ಟಿಗೆ ಕೂತರು. ಸಾಸಿವೆ ಸಿಡಿದಾಗಲೆಲ್ಲ ಸ್ಮೋಕ್ ಅಲಾರಂ ಕಿರುಚಿಕೊಳ್ಳುತ್ತಿತ್ತು. ಒಗ್ಗರಣೆಗೆ ಮೊದಲು ಫ್ಯಾನ್ ಹಾಕಿ, ಮೇಲಿನ ಕಿಟಕಿಯನ್ನೂ ತೆಗೆಯಿರಿ. ಹಂಚು, ಲಟ್ಟಣಿಗೆ, ಸಣ್ಣ ಕುಕ್ಕರ್ ಮನೆಯಿಂದಲೇ ಒಯ್ಯಿರಿ. ಅವರು ಕೊಡುವ ಪಾತ್ರೆಗಳಲ್ಲಿ ನಮ್ಮ ಅಡುಗೆ ಆಗಲ್ಲ.

ಈಗ ಬೇಜಾರಿನ ವಿಷಯ. ಮೊದಲ ರಾತ್ರಿ ಸ್ಯಾನ್ ಸಿಮಿಯನ್ ಕ್ರೀಕ್ ಕ್ಯಾಂಪ್‌ಗ್ರೌಂಡ್‌ನಲ್ಲಿದ್ದೆವು. ಅಲ್ಲಿ ಕರೆಂಟ್ ಸಂಪರ್ಕವಿಲ್ಲ. ರಾತ್ರಿ ಎರಡು ಗಂಟೆಗೆ ಹೀಟರ್ ನಿಂತುಹೋಯಿತು. ಹೀಟರ್ ಗ್ಯಾಸಿನದೇ, ಆದರೆ ಅದರ ಫ್ಯಾನ್ ತಿರುಗೋದು ಒಳಗಿನ ಬ್ಯಾಟರಿಯಿಂದ, ಆ ಬ್ಯಾಟರಿ ಸತ್ತಿತ್ತು. ಬಾಡಿಗೆ ಕೊಟ್ಟ ಕಂಪನಿಯ '24 ಗಂಟೆ ಸಹಾಯ'ಕ್ಕೆ ನಾಲ್ಕು ಸಲ ಫೋನ್ ಮಾಡಿದೆವು, ಯಾರೂ ಎತ್ತಲಿಲ್ಲ. ಜನರೇಟರ್ ಹಾಕೋಣವೆಂದರೆ, ಆ ಕ್ಯಾಂಪ್‌ಗ್ರೌಂಡ್ ಇರೋದು ಸ್ಟೇಟ್ ಪಾರ್ಕ್‌ನಲ್ಲಿ (ರಾಜ್ಯ ಸರ್ಕಾರದ ಉದ್ಯಾನ), ಅಂಥಲ್ಲಿ ಬೆಳಗ್ಗೆ 10ರಿಂದ ರಾತ್ರಿ 8ರವರೆಗೆ ಮಾತ್ರ ಅವಕಾಶ. ಮಾವ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು, ಮಂಕಿ ಕ್ಯಾಪ್ ಎಳೆದುಕೊಂಡು ಬೆಳಗಿನವರೆಗೆ ಕೂತೇ ಇದ್ದರು. ಒಂದು ಮಾತೂ ಆಡಲಿಲ್ಲ. ನನಗೆ ಅಳು ಬಂತು. ಬೆಳಗ್ಗೆ ನಮ್ಮವರು ಡ್ಯಾಶ್‌ಬೋರ್ಡ್ ಕೆಳಗೆ ಒಂದು ಎಮರ್ಜೆನ್ಸಿ ಸ್ಟಾರ್ಟ್ ಸ್ವಿಚ್ ಕಂಡುಹಿಡಿದರು. ಎಂಜಿನ್ನಿನ ಬ್ಯಾಟರಿಯಿಂದ ಜನರೇಟರ್ ಹತ್ತಿಸುವ ಸ್ವಿಚ್ ಅದು. ಗಾಡಿ ಕೊಡುವಾಗ ನಲವತ್ತು ನಿಮಿಷ ವಿವರಿಸಿದವರು ಇದನ್ನೊಂದು ಹೇಳಿರಲಿಲ್ಲ. ಆಮೇಲೆ ಒಂದು ದಿನದ ಬಾಡಿಗೆ ವಾಪಸ್ ಕೊಟ್ಟರು, ಆದರೆ ಆ ರಾತ್ರಿಯನ್ನು ವಾಪಸ್ ಕೊಡೋಕಾಗುತ್ತಾ?

ಆ ದಿನ ಮಧ್ಯಾಹ್ನ ಪಿಯೆಡ್ರಾಸ್ ಬ್ಲಾಂಕಾಸ್‌ಗೆ ಹೋದೆವು. ಆನೆ ಸೀಲ್ ಎಂಬ ದೊಡ್ಡ ಕಡಲ ಪ್ರಾಣಿಗಳ ಜಾಗ, ಟಿಕೆಟ್ ಇಲ್ಲ, ಹಲಗೆಯ ದಾರಿಯಲ್ಲಿ ನಿಂತು ನೋಡೋದು. ಏಪ್ರಿಲ್-ಮೇನಲ್ಲಿ ಹೆಣ್ಣುಗಳೂ ಮರಿ ಪ್ರಾಯದವೂ ಚರ್ಮ ಬಿಡೋಕೆ ದಡಕ್ಕೆ ಬರುತ್ತವೆ. ದೊಡ್ಡ ಮೂಗಿನ ಗಂಡುಗಳು ಚರ್ಮ ಬಿಡೋದು ಜುಲೈ-ಆಗಸ್ಟ್‌ನಲ್ಲಿ. ಹಳೇ ಗೋಡೆಯ ಸುಣ್ಣ ಎದ್ದ ಹಾಗೆ ಚರ್ಮ ಹಾಳೆ ಹಾಳೆಯಾಗಿ ಸುಲಿದು, ಕೆಳಗೆ ಹೊಸ ಬೂದು ಮೈ ಮಿರಮಿರ ಅಂತಿತ್ತು. ಒಂದು ಸೀಲ್ ಕೈಯಂಥ ರೆಕ್ಕೆಯಿಂದ ಮರಳು ಬಾಚಿ ಬೆನ್ನಿಗೆ ಎರಚಿಕೊಂಡಿತು. ಸ್ವಲ್ಪ ಬಿಟ್ಟು ಮತ್ತೆ ಎರಚಿಕೊಂಡಿತು. ಮಾವ ಕಂಬಿ ಹಿಡಿದು ಒಂದು ಗಂಟೆ ನಿಂತರು. "ನಮ್ಮ ಕೆರೆ ಎಮ್ಮೆಗಳೇ" ಅಂದರು. ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮುಖ ಅದಾಗಿರಲಿಲ್ಲ.

ಕೊನೆಯ ಎರಡು ರಾತ್ರಿ ಮೊರೊ ಬೇ ಸ್ಟೇಟ್ ಪಾರ್ಕ್‌ನಲ್ಲಿ, ನೀರು-ಕರೆಂಟ್ ಇರುವ ಜಾಗದಲ್ಲಿ. ಹಿರಿಯರಿದ್ದರೆ ಇಂಥದ್ದೇ ನೋಡಿ. ಸ್ಟೇಟ್ ಪಾರ್ಕ್‌ಗಳ ಬುಕಿಂಗ್ ಆರು ತಿಂಗಳು ಮೊದಲು ಬೆಳಗ್ಗೆ 8ಕ್ಕೆ ತೆರೆಯುತ್ತೆ, ಆ ಹೊತ್ತಿಗೇ ಕೂತರೆ ಸಿಗುತ್ತೆ. 576 ಅಡಿ ಎತ್ತರದ ಮೊರೊ ಬಂಡೆ ಬೆಳಗ್ಗೆ ಮಂಜಲ್ಲಿ ಮುಳುಗಿರುತ್ತೆ, ಮಧ್ಯಾಹ್ನದ ಹೊತ್ತಿಗೆ ಮೆಲ್ಲಗೆ ಹೊರಗೆ ಬರುತ್ತೆ.

ಟ್ಯಾಂಕ್ ಖಾಲಿ ಮಾಡುವ ಕೆಲಸಕ್ಕೆ ಹೆದರಬೇಡಿ. ಗ್ಲೌಸ್ ಹಾಕಿ, ಪೈಪ್ ಗಟ್ಟಿಯಾಗಿ ಕೂತಿದೆಯಾ ಅಂತ ಎರಡು ಸಲ ನೋಡಿ, ಮೊದಲು ಟಾಯ್ಲೆಟ್ ಟ್ಯಾಂಕ್ ಬಿಡಿ, ಆಮೇಲೆ ಪಾತ್ರೆ-ಸ್ನಾನದ ನೀರು. ಆ ನೀರೇ ಪೈಪನ್ನು ತೊಳೆಯುತ್ತೆ. ಹತ್ತು ನಿಮಿಷದ ಕೆಲಸ.

ಖರ್ಚು ಮೋಟೆಲ್‌ಗಿಂತ ಜಾಸ್ತಿಯೇ ಆಯಿತು. ಗಾಡಿ ಗ್ಯಾಲನ್ ಪೆಟ್ರೋಲ್‌ಗೆ ಎಂಟು ಮೈಲಿ ಮಾತ್ರ ಕೊಟ್ಟಿತು, ಮೈಲಿ ಮಿತಿ ದಾಟಿದ್ದಕ್ಕೆ, ಜನರೇಟರ್ ಓಡಿಸಿದ ಗಂಟೆಗಳಿಗೆ ಬೇರೆ ದುಡ್ಡು. ಆದರೂ ಅತ್ತೆ-ಮಾವ ಮತ್ತೆ ಬಂದರೆ ಆರ್‌ವಿಯೇ, ಆ ಕಂಪನಿಯದು ಮಾತ್ರ ಅಲ್ಲ. ಗಾಡಿ ತಗೊಳ್ಳುವಾಗ ಎಂಜಿನ್ ಆಫ್ ಮಾಡಿ, ಹೀಟರ್ ಹಾಕಿ, ಅಂಗಳದಲ್ಲೇ ಅರ್ಧ ಗಂಟೆ ಓಡಿಸಿ ನೋಡದೆ ಕೀಲಿ ಕೈಗೆ ತಗೊಳ್ಳಲ್ಲ.