ಉಪ್ಪುಗಾಳಿಯಲ್ಲಿ ಮೂರು ಮಳೆಗಾಲ: ಕೈಯಾರೆ ಕಟ್ಟಿದ ಐದು ಲೂಪಿನ ಪೆಡಲ್ ಸ್ವಿಚರ್

ಇದು ಅಂಗಡಿಯಿಂದ ತಂದ ಮಾಲಲ್ಲ. ಗಿಟಾರಿನ ಸದ್ದು ಮಾರ್ಪಡಿಸುವ ಐದು ಪೆಡಲ್‌ಗಳನ್ನು ಒಂದೇ ಪೆಟ್ಟಿಗೆಯಿಂದ ಹಾಕಿ ತೆಗೆಯುವ, ಜೊತೆಗೆ ಶ್ರುತಿ ಮಾಡುವಾಗ ಸದ್ದು ನಿಲ್ಲಿಸಲು ಟ್ಯೂನರ್‌ಗೊಂದು ಮ್ಯೂಟ್ ಇರುವ ರಿಲೇ ಸ್ವಿಚರ್. ಪ್ರತಿ ಪೆಡಲ್‌ಗೆ ಒಂದು ಲೂಪ್: ಸಿಗ್ನಲ್ ಸೆಂಡ್ ಜ್ಯಾಕಿನಿಂದ ಪೆಡಲ್‌ಗೆ ಹೋಗಿ ರಿಟರ್ನ್ ಜ್ಯಾಕಿಗೆ ಮರಳುತ್ತದೆ. ಮಿದುಳು ಆರ್ಡುಯಿನೊ ನ್ಯಾನೊ ಎಂಬ ಪುಟ್ಟ ಮೈಕ್ರೊಕಂಟ್ರೋಲರ್ ಬೋರ್ಡ್, ಕೈಕಾಲು ಆರು ಸಣ್ಣ ರಿಲೇಗಳು, ಅಂದರೆ ಕರೆಂಟ್ ಕೊಟ್ಟಾಗ ತಾವೇ ತಿರುಗುವ ಸ್ವಿಚ್‌ಗಳು. ಕಾರವಾರದ ಕಡಲತಡಿಯಲ್ಲಿ ಮೂರು ಮಳೆಗಾಲ ದುಡಿದಿದೆ. ಈ ಅವಧಿಯಲ್ಲಿ ರಿಲೇಗಳಲ್ಲಿ ಒಂದೂ ಕೈಕೊಟ್ಟಿಲ್ಲ. ಕೆಟ್ಟದ್ದೆಲ್ಲ ಗಾಳಿ ತಾಗುವ ಭಾಗಗಳು: ಫುಟ್‌ಸ್ವಿಚ್, ಜ್ಯಾಕ್, ಸ್ಕ್ರೂ. ಒಣಹವೆಯ ಊರಿಗಾಗಿ ಬರೆದ ಸರ್ಕ್ಯೂಟನ್ನು ಇಲ್ಲಿ ಹಾಗೇ ಕಟ್ಟಿದರೆ ಮೊದಲ ಆಷಾಢದಲ್ಲೇ ಕರಕರ ಶುರು. ಬದಲಿಸಬೇಕಾದದ್ದು ಹೆಚ್ಚಿಲ್ಲ, ಆದರೆ ಬದಲಿಸಲೇಬೇಕು.

ಪೆಡಲ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ ನೀಲಿ ಬಣ್ಣದ 3ಪಿಡಿಟಿ (ಮೂರು ಜೋಡಣೆಗಳನ್ನು ಒಟ್ಟಿಗೆ ತಿರುಗಿಸುವ) ಫುಟ್‌ಸ್ವಿಚ್‌ನಲ್ಲಿ ಗಿಟಾರಿನ ಸಿಗ್ನಲ್ಲೇ ಸ್ವಿಚ್ಚಿನ ಲೋಹದ ಮೇಲೆ ಹರಿಯುತ್ತದೆ. ಅದು ಗಾಳಿಗೆ ಬಿಗಿಯಾಗಿ ಮುಚ್ಚಿದ್ದಲ್ಲ. ಕಿಲುಬು ಹಿಡಿದರೆ ಮೊದಲು ಸದ್ದು ತೆಳುವಾಗುತ್ತದೆ, ಆಮೇಲೆ ಬಿಟ್ಟುಬಿಟ್ಟು ಬರುತ್ತದೆ. ರಿಲೇ ಹಾಕಿದರೆ ಆಡಿಯೊ ಹರಿಯುವುದು ಮುಚ್ಚಿದ ಡಬ್ಬಿಯೊಳಗಿನ ಚಿನ್ನ ಹೊದಿಸಿದ ಸಂಪರ್ಕದ ಮೇಲೆ. ಫುಟ್‌ಸ್ವಿಚ್ ಬರೀ ಸೂಚನೆ ಕೊಡುತ್ತದೆ. ಇಲ್ಲಿ ಹಾಕಿರುವುದು ಪ್ಯಾನಸೋನಿಕ್ ಟಿಕ್ಯು2-5ವಿ.

ಇದರಲ್ಲೇ ಲ್ಯಾಚಿಂಗ್ ಮಾದರಿಯೂ ಇದೆ. ಒಂದು ಪಲ್ಸ್ ಕೊಟ್ಟರೆ ಸಾಕು, ಆಮೇಲೆ ಕರೆಂಟ್ ಬೇಡ. ಬ್ಯಾಟರಿ ಉಳಿಸುವವರಿಗೆ ಅದೇ ಸರಿ. ಆದರೆ ನಮ್ಮ ಕಡೆ ಗಾಳಿಮಳೆಗೆ ತೆಂಗಿನ ಗರಿ ತಂತಿಯ ಮೇಲೆ ಬಿದ್ದರೂ ಕರೆಂಟ್ ಹೋಗುತ್ತದೆ. ಆಗ ಲ್ಯಾಚಿಂಗ್ ರಿಲೇ ಇದ್ದಲ್ಲೇ ನಿಲ್ಲುತ್ತದೆ, ಸಿಗ್ನಲ್ ಸತ್ತ ಪೆಡಲ್‌ನೊಳಗೆ ಹೋಗಿ ಅಲ್ಲೇ ಉಳಿಯುತ್ತದೆ. ಸಾದಾ ರಿಲೇ ತಾನಾಗಿ ಬೈಪಾಸಿಗೆ, ಅಂದರೆ ಪೆಡಲ್ ಬಿಟ್ಟು ಹೋಗುವ ನೇರ ದಾರಿಗೆ, ಬೀಳುತ್ತದೆ. ಬೋರ್ಡಿನ ಅಡಾಪ್ಟರ್ ಮಾತ್ರ ಸತ್ತು ಆ್ಯಂಪ್ ಯುಪಿಎಸ್ ಮೇಲೆ ಬದುಕಿದ್ದರೆ ಗಿಟಾರ್ ನೇರವಾಗಿ ಕೇಳುತ್ತಲೇ ಇರುತ್ತದೆ. ಇದೊಂದೇ ಕಾರಣಕ್ಕೆ ಕರಾವಳಿಯಲ್ಲಿ ಸಾದಾ ರಿಲೇಯನ್ನೇ ಹಾಕಿ ಎನ್ನುತ್ತೇನೆ.

ವೈರಿಂಗ್‌ನಲ್ಲಿ ಒಂದು ಸೂಕ್ಷ್ಮವಿದೆ. ಈ ರಿಲೇಯಲ್ಲಿ ಎರಡು ಪೋಲ್, ಅಂದರೆ ಎರಡು ಸ್ವಿಚ್; ಪ್ರತಿಯೊಂದರ ಕಾಮನ್ ಪಿನ್ ಕರೆಂಟ್ ಇಲ್ಲದಾಗ ಎನ್‌ಸಿಗೆ, ಇದ್ದಾಗ ಎನ್‌ಒಗೆ ಕೂಡುತ್ತದೆ. ಹೆಚ್ಚಿನವರು ಎರಡೂ ಎನ್‌ಸಿ ಪಿನ್‌ಗಳನ್ನು ಒಂದಕ್ಕೊಂದು ಸೇರಿಸಿ ಬೈಪಾಸ್ ಮಾಡುತ್ತಾರೆ. ಆಗ ಬೈಪಾಸಿನಲ್ಲಿ ಪೆಡಲ್‌ನ ಇನ್‌ಪುಟ್ ಗಾಳಿಯಲ್ಲಿ ತೂಗುತ್ತದೆ. ಹೈಗೇನ್ ಡಿಸ್ಟಾರ್ಷನ್ ಇದ್ದರೆ ಅದು ಒಳಗೊಳಗೇ ಕಿರುಚಿ, ಆ ಸದ್ದು ಸಣ್ಣಗೆ ಸೋರುತ್ತದೆ. ಬದಲಿಗೆ ಹೀಗೆ ಮಾಡಿ: ಮೊದಲ ಪೋಲ್‌ನ ಕಾಮನ್ ಸೆಂಡ್ ಜ್ಯಾಕಿಗೆ, ಅದರ ಎನ್‌ಒ ಬರುವ ಸಿಗ್ನಲಿಗೆ, ಎನ್‌ಸಿ ಗ್ರೌಂಡಿಗೆ. ಎರಡನೆಯ ಪೋಲ್‌ನ ಕಾಮನ್ ಮುಂದಿನ ಲೂಪಿಗೆ, ಎನ್‌ಒ ರಿಟರ್ನ್ ಜ್ಯಾಕಿಗೆ, ಎನ್‌ಸಿ ಬರುವ ಸಿಗ್ನಲಿಗೆ. ರಿಲೇ ಅದೇ, ಪಿನ್‌ಗಳೂ ಅವೇ. ಪೆಡಲ್ ಮಾತ್ರ ಬೈಪಾಸಿನಲ್ಲಿ ಬಾಯಿ ಮುಚ್ಚಿಕೊಂಡಿರುತ್ತದೆ.

ರಿಲೇ ಓಡಿಸಲು ಮೊದಲು ಹಾಕಿದ್ದು ಯುಎಲ್‌ಎನ್2003 ಡ್ರೈವರ್. ಒಂದೇ ಚಿಪ್, ಏಳು ಚಾನೆಲ್, ಡಯೋಡೂ ಒಳಗೇ. ಚಳಿಗಾಲದಲ್ಲಿ ಏನೂ ತೊಂದರೆಯಿಲ್ಲ. ಲೆಕ್ಕ ಹಾಕಿ ನೋಡಿ: ಅದರೊಳಗಿನ ಟ್ರಾನ್ಸಿಸ್ಟರ್ ಜೋಡಿ (ಡಾರ್ಲಿಂಗ್ಟನ್) ಸುಮಾರು 0.8 ವೋಲ್ಟ್ ನುಂಗುತ್ತದೆ, ರಿಲೇಯ ಕಾಯಿಲ್‌ಗೆ (ತಾಮ್ರದ ಸುರುಳಿಗೆ) ಸಿಗುವುದು 4.2. ರಿಲೇ ಎಳೆಯಲು 5 ವೋಲ್ಟಿನ ಶೇ. 75, ಅಂದರೆ 3.75 ಬೇಕು, ಅದೂ 20 ಡಿಗ್ರಿಯಲ್ಲಿ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಶೇ. 0.4ರಷ್ಟು ಏರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಮುಚ್ಚಿದ ಪೆಟ್ಟಿಗೆಯೊಳಗೆ 50 ಡಿಗ್ರಿ ಆದರೆ ಬೇಕಾಗುವುದೂ 4.2. ಅಂಚಿನಲ್ಲಿ ನಿಂತ ಹಾಗೆ. ಈಗ ಪ್ರತಿ ರಿಲೇಗೆ ಒಂದು ಬಿಸಿ547 ಟ್ರಾನ್ಸಿಸ್ಟರ್, ಬೇಸಿಗೆ 4.7 ಕಿಲೋ ಓಮ್, ಕಾಯಿಲ್‌ಗೆ ಅಡ್ಡಲಾಗಿ 1ಎನ್4148 ಡಯೋಡ್. ನಷ್ಟ 0.1 ವೋಲ್ಟಿನ ಆಸುಪಾಸು. ಡಯೋಡ್‌ನ ಗೆರೆ ಇರುವ ಬದಿ ಪ್ಲಸ್ ಕಡೆಗೆ. ತಿರುಗಿಸಿ ಹಾಕಿದರೆ ಮೊದಲ ಒತ್ತಿಗೇ ಟ್ರಾನ್ಸಿಸ್ಟರ್ ಹೋಗುತ್ತದೆ.

ಒಂದು ರಿಲೇ 28 ಮಿಲಿಆಂಪ್ ಎಳೆಯುತ್ತದೆ. ಆರೂ ಎಳೆದು, ನ್ಯಾನೊ ಮತ್ತು ಎಲ್‌ಇಡಿ ಸೇರಿದರೆ 200. ಒಂಬತ್ತು ವೋಲ್ಟಿನಿಂದ 7805 ರೆಗ್ಯುಲೇಟರ್ ಮೂಲಕ 5ಕ್ಕೆ ಇಳಿಸಿದರೆ 0.8 ವಾಟ್ ಬಿಸಿಯಾಗಿ ಹೋಗುತ್ತದೆ, ಹೀಟ್‌ಸಿಂಕ್ ಇಲ್ಲದಿದ್ದರೆ ಸುತ್ತಲಿನ ಸೆಖೆಯ ಮೇಲೆ ಇನ್ನೂ 50 ಡಿಗ್ರಿಯಷ್ಟು. ಅದನ್ನು ಪೆಟ್ಟಿಗೆಯ ಗೋಡೆಗೇ ಬಿಗಿಯಿರಿ, ನಡುವೆ ಸಿಲಿಕೋನ್ ಪ್ಯಾಡ್ ಇರಲಿ. 7805ರ ಟ್ಯಾಬ್ ಗ್ರೌಂಡೇ ನಿಜ. ಆದರೂ ಪ್ಯಾಡ್ ಬಿಟ್ಟರೆ ರಿಲೇ ಕರೆಂಟು ಲೋಹದ ಗೋಡೆ ಹಿಡಿದು ಆಡಿಯೊ ಗ್ರೌಂಡಿಗೆ ನುಸುಳುತ್ತದೆ, ಪ್ರತಿ ಒತ್ತಿಗೂ ಟಕ್ ಅನ್ನುತ್ತದೆ. ಆಡಿಯೊ ಗ್ರೌಂಡ್, ರಿಲೇ ಗ್ರೌಂಡ್ ಎರಡೂ ಸೇರಬೇಕಾದದ್ದು ಡಿಸಿ ಜ್ಯಾಕ್‌ನ ಬುಡದಲ್ಲಿ ಮಾತ್ರ. ರಿಲೇಗಳಿಗೆ ನ್ಯಾನೊದ ಸ್ವಂತ ರೆಗ್ಯುಲೇಟರಿನಿಂದ ಕರೆಂಟ್ ಕೊಡಬೇಡಿ.

ಉಳಿದ ಪಾಪ್ ಸದ್ದಿಗೆ ಮದ್ದು ಎರಡು. ಪ್ರತಿ ಸೆಂಡ್, ರಿಟರ್ನ್‌ನಿಂದ ಗ್ರೌಂಡಿಗೆ 1 ಮೆಗಾ ಓಮ್. ಔಟ್‌ಪುಟ್‌ನಿಂದ ಗ್ರೌಂಡಿಗೆ ಟಿಎಲ್‌ಪಿ222ಎ ಫೋಟೊರಿಲೇ (ಒಳಗಿನ ಎಲ್‌ಇಡಿಯ ಬೆಳಕಿನಿಂದ ಕೂಡುವ ಸ್ವಿಚ್; ಇದು ಸದ್ದನ್ನು ಕ್ಷಣಕಾಲ ಮ್ಯೂಟ್ ಮಾಡಲು), ಅದರ ಎಲ್‌ಇಡಿಗೆ 680 ಓಮ್. ಪ್ರೋಗ್ರಾಮಿನಲ್ಲಿ ಕ್ರಮ ಹೀಗಿರಲಿ: ಮ್ಯೂಟ್, 5 ಮಿಲಿಸೆಕೆಂಡ್ ಕಾಯು, ರಿಲೇಗಳನ್ನು ಬದಲಿಸು, 15 ಕಾಯು, ಮ್ಯೂಟ್ ತೆಗೆ. ಇಷ್ಟು ಹೊತ್ತಿನ ಮೌನ ಕಿವಿಗೆ ಗೊತ್ತಾಗುವುದಿಲ್ಲ. ಡಯೋಡ್ ಇರುವುದರಿಂದ ರಿಲೇ ಬಿಡುವುದು ಎಳೆಯುವುದಕ್ಕಿಂತ ನಿಧಾನ, ಅದಕ್ಕೇ 15.

ಈಗ ಫುಟ್‌ಸ್ವಿಚ್. ಇದು ಮೊಮೆಂಟರಿ, ಒತ್ತಿದಷ್ಟು ಹೊತ್ತು ಮಾತ್ರ ಕೂಡುವಂಥದ್ದು. ಎರಡನೆಯ ಮಳೆಗಾಲದಲ್ಲಿ ಎರಡು ಸ್ವಿಚ್‌ಗಳು ಒತ್ತಿದರೂ ಸುಮ್ಮನಿರತೊಡಗಿದವು. ಮೀಟರ್ ಇಟ್ಟರೆ ಒಮ್ಮೆ ಸೊನ್ನೆ ಓಮ್, ಒಮ್ಮೆ ಕಿಲೋ ಓಮ್‌ಗಳು. ತಪ್ಪು ಸ್ವಿಚ್ಚಿನದು ಮಾತ್ರವಲ್ಲ, ವಿನ್ಯಾಸದ್ದೂ ಹೌದು. ನ್ಯಾನೊದ ಒಳಗಿನ ಪುಲ್‌ಅಪ್ (ಪಿನ್ನನ್ನು 5 ವೋಲ್ಟಿಗೆ ಎಳೆದಿಡುವ ರೆಸಿಸ್ಟರ್) 20ರಿಂದ 50 ಕಿಲೋ ಓಮ್, ಹರಿಯುವುದು ಹೆಚ್ಚೆಂದರೆ ಕಾಲು ಮಿಲಿಆಂಪ್. ಸಂಪರ್ಕದ ಮೇಲೆ ಕೂತ ಆಕ್ಸೈಡ್ ಪೊರೆಯನ್ನು ಒಡೆಯಲು ಅಷ್ಟು ಸಾಲದು. ಹೊರಗಿನಿಂದ 1.5 ಕಿಲೋ ಓಮ್ ಪುಲ್‌ಅಪ್ ಹಾಕಿದರೆ 3 ಮಿಲಿಆಂಪಿಗಿಂತ ಹೆಚ್ಚು ಹರಿಯುತ್ತದೆ, ಪೊರೆ ಪ್ರತಿ ಒತ್ತಿಗೂ ಒಡೆಯುತ್ತದೆ. ಸ್ವಿಚ್ಚಿಗೆ ಅಡ್ಡಲಾಗಿ 100 ನ್ಯಾನೊಫ್ಯಾರಡ್ ಕೆಪಾಸಿಟರ್. ಈ ಎಂಟಾಣೆ ರೆಸಿಸ್ಟರ್ ಹಾಕಿದ ಮೇಲೆ ಅದೇ ಹಳೆಯ ಸ್ವಿಚ್‌ಗಳೇ ಇನ್ನೊಂದು ಮಳೆಗಾಲ ದಾಟಿದವು. ಇಡೀ ಪೆಟ್ಟಿಗೆಯಲ್ಲಿ ಇದಕ್ಕಿಂತ ಬೆಲೆಬಾಳುವ ಬದಲಾವಣೆ ಇನ್ನೊಂದಿಲ್ಲ. ಪ್ರೋಗ್ರಾಮು ಮೊದಲ ಒತ್ತಿಗೇ ಕೆಲಸ ಮಾಡಿ, ಮುಂದಿನ 30 ಮಿಲಿಸೆಕೆಂಡ್ ಆ ಸ್ವಿಚ್ಚಿಗೆ ಕಿವುಡಾಗಲಿ. ಎ6, ಎ7 ಪಿನ್‌ಗಳು ಅನಲಾಗ್ ಮಾತ್ರ, ಸ್ವಿಚ್ಚನ್ನು ಅಲ್ಲಿಗೆ ಕಟ್ಟಿ ತಲೆಕೆಡಿಸಿಕೊಳ್ಳಬೇಡಿ. ಪ್ರಿಸೆಟ್ (ಯಾವ್ಯಾವ ಪೆಡಲ್ ಹಾಕಿರಬೇಕೆಂಬ ಜೋಡಣೆ) ಉಳಿಸುವುದು 2 ಸೆಕೆಂಡ್ ಒತ್ತಿ ಹಿಡಿದಾಗ ಮಾತ್ರ. ಅದನ್ನು ನೆನಪಿಡುವ ನ್ಯಾನೊದ ಇಇಪ್ರಾಮ್‌ಗೆ ಒಂದು ಲಕ್ಷ ಬರಹದ ಆಯುಸ್ಸು, ಪ್ರತಿ ಒತ್ತಿಗೂ ಬರೆದು ಸವೆಸಬೇಕಿಲ್ಲ.

ಬೆಸುಗೆ ಹಾಕಿದ ಮೇಲೆ ಉಳಿಯುವ ಫ್ಲಕ್ಸ್ ಅಂಟನ್ನು ತೊಳೆಯುವ ಅಭ್ಯಾಸ ಹಲವರಿಗಿಲ್ಲ. ಶಿರಸಿಯಲ್ಲೂ ಜುಲೈಯಲ್ಲಿ ಗೋಡೆಗೆ ಬೂಸು ಬರುತ್ತದೆ; ಬೋರ್ಡಿನ ಮೇಲಿನ ಅಂಟು ಆ ತೇವವನ್ನು ಹೀರಿಕೊಂಡು ಸಣ್ಣ ರೆಸಿಸ್ಟರಿನಂತೆ ವರ್ತಿಸುತ್ತದೆ. 1 ಮೆಗಾ ಓಮ್ ಇರುವ ಜಾಗಕ್ಕೆ ಪಕ್ಕದ 5 ವೋಲ್ಟ್ ಗೆರೆಯಿಂದ ಸೋರಿಕೆಯಾದರೆ ಸಾಕು, ಬೇಸಿಗೆಯಲ್ಲಿ ಇಲ್ಲದ ಪಾಪ್ ಮಳೆಯಲ್ಲಿ ಹುಟ್ಟುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಬ್ರಷ್‌ನಿಂದ ಉಜ್ಜಿ, ಪೂರ್ತಿ ಒಣಗಿಸಿ, ತೇವ ತಡೆಯುವ ಅಕ್ರಿಲಿಕ್ ಕನ್ಫಾರ್ಮಲ್ ಲೇಪ ಎರಡು ಪದರ. ಜ್ಯಾಕ್, ಸ್ವಿಚ್‌ಗಳ ಮೇಲೆ ಲೇಪ ಬೀಳದಂತೆ ಮೊದಲೇ ಟೇಪ್ ಹಚ್ಚಿ.

ಪೆಟ್ಟಿಗೆ ಎರಕದ ಅಲ್ಯುಮಿನಿಯಂ. ಜೊತೆಗೆ ಬಂದ ಸ್ಕ್ರೂಗಳು ಒಂದೇ ವರ್ಷದಲ್ಲಿ ತುಕ್ಕು ಹಿಡಿದು ಕಚ್ಚಿಕೊಂಡವು. ಸ್ಟೇನ್‌ಲೆಸ್ ಹಾಕಿದರಷ್ಟೇ ಸಾಲದು: ಉಪ್ಪುನೀರಿನ ತೇವದಲ್ಲಿ ಸ್ಟೇನ್‌ಲೆಸ್ ಮತ್ತು ಅಲ್ಯುಮಿನಿಯಂ ಸೇರಿದರೆ ಅಲ್ಯುಮಿನಿಯಂ ತಿಂದುಹೋಗುತ್ತದೆ. ಸ್ಕ್ರೂವಿನ ಎಳೆಗಳಿಗೆ ವ್ಯಾಸಲೀನ್ ಸವರಿ ಹಾಕಿ. ಹನ್ನೆರಡು ಜ್ಯಾಕ್‌ಗಳಲ್ಲಿ ಮೂರು ಬದಲಾಗಿವೆ, ಮೂರೂ ಅಗ್ಗದವು, ಮೂರೂ ಪ್ಲಗ್ ಹಾಕದೆ ಖಾಲಿ ಬಿಟ್ಟ ಲೂಪುಗಳವು. ಖಾಲಿ ಜ್ಯಾಕಿನಲ್ಲಿ ಡಮ್ಮಿ ಪ್ಲಗ್ ಇರಲಿ.

ಎಲ್‌ಇಡಿಗಳನ್ನು ಮಲ್ಟಿಪ್ಲೆಕ್ಸ್ ಮಾಡಬೇಡಿ (ಸರದಿಯಲ್ಲಿ ವೇಗವಾಗಿ ಹೊತ್ತಿಸಿ ಆರಿಸಬೇಡಿ), ಸಿಗ್ನಲ್ಲಿನಲ್ಲಿ ಸೊಳ್ಳೆಯ ಹಾಡು ಕೇಳುತ್ತದೆ. ಬಫರ್ (ಉದ್ದ ಕೇಬಲ್ಲಿನಲ್ಲಿ ಸಿಗ್ನಲ್ ಸೊರಗದಂತೆ ಕಾಯುವ ಸರ್ಕ್ಯೂಟ್) ಬೇಕೆಂದರೆ ಟಿಎಲ್072 ಚಿಪ್ ಸಾಕು, ಆದರೆ ಫಝ್ ಪೆಡಲ್ ಇದ್ದರೆ ಬಫರ್ ಅದರ ನಂತರ ಬರಲಿ. ಮೊದಲು ಬಂದರೆ ಗಿಟಾರಿನ ವಾಲ್ಯೂಮ್ ತಗ್ಗಿಸಿದಾಗ ಫಝ್ ತಿಳಿಯಾಗುವ ಗುಣ ಹೋಗುತ್ತದೆ.

ಗೋಕರ್ಣದ ಬೀಚಿನಂಥ ಬಯಲಿನಲ್ಲಿ ನುಡಿಸುವವರು ಪೆಟ್ಟಿಗೆಯನ್ನು ಮರಳಿನ ಮೇಲೆ ನೇರ ಇಡಬಾರದು, ಮೊಮೆಂಟರಿ ಸ್ವಿಚ್ಚಿನ ಕೊಳವೆಯೊಳಗೆ ಒಂದು ಕಾಳು ಹೊಕ್ಕರೂ ಗುಂಡಿ ಮೇಲೇಳುವುದಿಲ್ಲ. ಪ್ರತಿ ಮೇ ಕೊನೆಯಲ್ಲಿ ಮುಚ್ಚಳ ತೆಗೆದು ಸಿಲಿಕಾ ಜೆಲ್ ಚೀಲ ಬದಲಿಸಿ, ಜ್ಯಾಕ್‌ಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಪ್ಲಗ್ಗನ್ನು ಹತ್ತು ಸಲ ಹಾಕಿ ತೆಗೆಯಿರಿ. ಒಂದು ಗಂಟೆಯ ಕೆಲಸ. ಚೀಲದಲ್ಲಿ ಬಿಡಿಭಾಗವೆಂದು ಇಟ್ಟುಕೊಳ್ಳಬೇಕಾದದ್ದು ಒಂದು ರಿಲೇ, ಎರಡು ಮೊಮೆಂಟರಿ ಸ್ವಿಚ್, ಒಂದು ಡಿಸಿ ಜ್ಯಾಕ್, ಮತ್ತು ಇದೇ ಪ್ರೋಗ್ರಾಮ್ ತುಂಬಿಸಿಟ್ಟ ಇನ್ನೊಂದು ನ್ಯಾನೊ.